ಒಂದು ಸ್ಕ್ರೂ ಹೆಚ್ಚು

ಆ ಮನೆಯಲ್ಲಿ ಇವತ್ತಿನವರೆಗೆ ಒಂದೇ ಒಂದು ಚಮಚ ಕಳೆದುಹೋದದ್ದಿಲ್ಲ. ಕಳೆದುಹೋಗಲು ಸಿಸ್ಟರ್ ಬಿಡಬೇಕಲ್ಲ! ಮೂವತ್ತೊಂದು ವರ್ಷ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸಾಗಿ ದುಡಿದವರು ಅವರು. ಕತ್ತರಿ, ಚಿಮಟ, ಸೂಜಿ, ರಕ್ತ ಒರೆಸುವ ಬಟ್ಟೆಯ ತುಂಡು, ಎಲ್ಲವನ್ನೂ ಆಪರೇಷನ್ನಿಗೆ ಮುಂಚೆ ಎಣಿಸಿ ಬರೆಯಬೇಕು, ಹೊಲಿಗೆ ಹಾಕುವ ಮುಂಚೆ ಮತ್ತೆ ಎಣಿಸಬೇಕು. "ಲೆಕ್ಕ ಸರಿ ಇದೆಯಾ ಸಿಸ್ಟರ್?" ಎಂದು ಡಾಕ್ಟರು ಕೇಳಬೇಕು, "ಸರಿ ಇದೆ ಡಾಕ್ಟ್ರೇ, ಮುಚ್ಚಬಹುದು" ಎಂದು ಇವರು ಹೇಳಬೇಕು, ಆಮೇಲೆಯೇ ಸೂಜಿಗೆ ದಾರ. ಈಗ ನಿವೃತ್ತಿಯಾಗಿ ಎರಡು ವರ್ಷ. ನಿವೃತ್ತಿಯಾದದ್ದು ಸಿಸ್ಟರ್ ಮಾತ್ರ, ಎಣಿಕೆ ಅಲ್ಲ. ರಾತ್ರಿ ಊಟದ ಪಾತ್ರೆ ತೊಳೆದಿಟ್ಟ ಮೇಲೆ ಅವರ ಕಣ್ಣು ತಾನಾಗಿ ಚಮಚದ ಡಬ್ಬಿಯ ಕಡೆ ಹೋಗುತ್ತಿತ್ತು, ತುಟಿ ತಾನಾಗಿ ಅಲ್ಲಾಡುತ್ತಿತ್ತು. ಹನ್ನೆರಡು ಬಂದರೆ ಸುಖನಿದ್ದೆ.

ಬೀದಿಯವರೆಲ್ಲ ಅವರನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದರು. ಬೀದಿಯವರಿರಲಿ, ಕಟ್ಟಿಕೊಂಡ ಗಂಡನೇ "ಸಿಸ್ಟರ್, ಒಂದು ಲೋಟ ಕಾಫಿ" ಎನ್ನುತ್ತಿದ್ದರು. ಹೊಸದಾಗಿ ಮನೆಗೆ ಬಂದವರು ಇದನ್ನು ಕೇಳಿ ಕಕ್ಕಾಬಿಕ್ಕಿಯಾಗುತ್ತಿದ್ದರು. ಯಜಮಾನರು ಲಾರಿ ಓಡಿಸಿ ನಿವೃತ್ತರಾದವರು. ಅವರಿಗೂ ಒಂದು ಚಾಳಿ ಉಳಿದುಕೊಂಡಿತ್ತು: ಲಾರಿಯಲ್ಲಿ ಬೆಂಕಿಯ ಭಯಕ್ಕೆ ಇಟ್ಟುಕೊಳ್ಳುತ್ತಿದ್ದ ಕೆಂಪು ಬಕೆಟ್ಟನ್ನು ಮರಳು ಸಮೇತ ಮೂರನೇ ಮಹಡಿಗೆ ಹೊತ್ತು ತಂದು ಬಾಲ್ಕನಿಯಲ್ಲಿಟ್ಟಿದ್ದರು. ಕಸ ಗುಡಿಸುವಾಗ ಸಿಸ್ಟರ್ ಅದಕ್ಕೆ ಶಾಪ ಹಾಕದ ದಿನವಿಲ್ಲ. ತಮ್ಮ ಎಣಿಕೆಯೂ ಅದೇ ಜಾತಿಯ ಚಾಳಿ ಎಂದು ಅವರಿಗೆ ಹೊಳೆದಿರಲಿಲ್ಲ. ಬೇರೆಯವರ ಚಾಳಿ ಕಣ್ಣಿಗೆ ಕಾಣುವಷ್ಟು ನಮ್ಮದು ಕಾಣುತ್ತದೆಯೇ?

ಆ ದಿನ ಬೆಳಿಗ್ಗೆ ಒಣಗಿದ ಬಟ್ಟೆ ತೆಗೆಯಲು ಬಾಲ್ಕನಿಗೆ ಹೋದ ಸಿಸ್ಟರ್ ಪಕ್ಕದ ಕಿಟಕಿಯಿಂದ ಸೊಸೆಯ ಮಾತು ಕೇಳಿಸಿಕೊಂಡುಬಿಟ್ಟರು. ಕದ್ದು ಕೇಳಿದ್ದಲ್ಲ, ಕಿವಿಗೆ ಬಿದ್ದದ್ದು.

"ಭಾನುವಾರ ಆ ಬಾಡಿಗೆ ಮನೆ ನೋಡ್ಕೊಂಡು ಬರೋಣ. ನಂಗೆ ಇಲ್ಲಿ ಉಸಿರು ಕಟ್ಟಿದ ಹಾಗಾಗುತ್ತೆ" ಎಂದು ಅವಳು ಗಂಡನಿಗೆ ಹೇಳುತ್ತಿದ್ದಳು.

"ಅಮ್ಮ ಏನಾದ್ರೂ ಅಂದ್ರಾ?"

"ಏನೂ ಅನ್ನಲ್ಲ. ಅದೇ ತೊಂದರೆ."

ಸಿಸ್ಟರಿಗೆ ಇರುವುದೊಬ್ಬನೇ ಮಗ, ರೈಲಿನಲ್ಲಿ ಟಿಕೆಟ್ ಪರೀಕ್ಷಕ. ಸೊಸೆ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವಳು. ಮದುವೆಯಾಗಿ ಹತ್ತು ತಿಂಗಳು. ಈ ಹತ್ತು ತಿಂಗಳಲ್ಲಿ ಅತ್ತೆ ಸೊಸೆ ಒಂದು ಗಟ್ಟಿ ಮಾತಾಡಿದವರಲ್ಲ. "ನೀವು ಕೂತ್ಕೊಳ್ಳಿ ಅತ್ತೆ" ಎಂದು ಅವಳು, "ನೀನು ಕೆಲಸ ನೋಡ್ಕೋ ಹೋಗು" ಎಂದು ಇವರು. ಇಷ್ಟು ಚೆಂದದ ಸಂಸಾರ ಬೀದಿಯಲ್ಲೇ ಇಲ್ಲ ಎಂದು ಸಿಸ್ಟರ್ ಒಳಗೊಳಗೆ ಬೀಗಿದ್ದರು. ಸೊಸೆಯೆಂದರೆ ಅವರಿಗೆ ಪ್ರಾಣ, ಅವಳು ಮೇಜಿನ ಮುಂದೆ ನಾಲಿಗೆ ಕಚ್ಚಿಕೊಂಡು ಆನೆಮರಿಗೆ ಬಣ್ಣ ತುಂಬುವುದನ್ನು ಬಾಗಿಲ ಸಂದಿಯಿಂದ ನೋಡಿ ಖುಷಿಪಡುತ್ತಿದ್ದರು. ಈಗ ಬಟ್ಟೆ ಮಡಚುತ್ತ ತಮ್ಮ ತಪ್ಪುಗಳನ್ನೆಲ್ಲ ಎಣಿಸಿದರು. ಎಷ್ಟು ಸಲ ಎಣಿಸಿದರೂ ಯಾವುದೂ ಸಿಗಲಿಲ್ಲ.

ಮಧ್ಯಾಹ್ನ ಎರಡು ಗಂಟೆಗೆ ಸೊಸೆಯ ಕೋಣೆಯಿಂದ "ಅಯ್ಯೋ!" ಎಂಬ ಕೂಗು ಬಂತು.

ಹೋಗಿ ನೋಡಿದರೆ ಲ್ಯಾಪ್‌ಟಾಪಿನ ಹೊಟ್ಟೆ ಉಬ್ಬಿತ್ತು. ಬೆರಳಾಡಿಸುವ ಜಾಗ ಹಪ್ಪಳ ಎದ್ದ ಹಾಗೆ ಮೇಲೆದ್ದು, ಒಂದು ಅಂಚು ಬಾಯಿ ಬಿಟ್ಟಿತ್ತು. ಸೊಸೆ ಹಣೆಗೆ ಕೈಹಚ್ಚಿ ಕೂತಿದ್ದಳು.

"ಒಳಗಿನ ಬ್ಯಾಟರಿ ಊದ್ಕೊಂಡಿದೆ ಅತ್ತೆ. ಎರಡು ವಾರದಿಂದ ಸ್ವಲ್ಪ ಸ್ವಲ್ಪ ಇತ್ತು. ಹೊಸ ಬ್ಯಾಟರಿ ತರಿಸಿಟ್ಟು ಐದು ದಿನ ಆಯ್ತು, ರಿಪೇರಿ ಅಂಗಡಿಯವರು ಮೂರು ದಿನ ನಮ್ಮಲ್ಲೇ ಬಿಟ್ಟಿರಿ ಅಂದ್ರು, ಚಿತ್ರ ಮುಗಿಸಿ ಕೊಡೋಣ ಅಂತ ಸುಮ್ನಿದ್ದೆ. ಈಗ ನೋಡಿದ್ರೆ ಹೀಗೆ ಉಬ್ಬಿ, ತಾನೇ ಆಫ್ ಆಗೋಯ್ತು. ಇಪ್ಪತ್ನಾಲ್ಕು ಚಿತ್ರ ಒಳಗಿವೆ. ಐದು ಗಂಟೆ ಒಳಗೆ ಕಳಿಸದಿದ್ರೆ ಪುಸ್ತಕದವರು ಕೆಲಸಾನ ಬೇರೆಯವರಿಗೆ ಕೊಡ್ತಾರಂತೆ."

"ಹೊಸದು ಕೈಲಿದೆ, ಹಳೇದು ಹೊಟ್ಟೇಲಿದೆ" ಎಂದರು ಸಿಸ್ಟರ್. "ತೆಗೆದು ಹಾಕೋಕೆ ಬರುತ್ತಾ ನಿಂಗೆ?"

"ವಿಡಿಯೋ ನೋಡಿದೀನಿ. ಬ್ಯಾಟರಿ ಜೊತೆ ಕಾಗದಾನೂ ಬಂದಿದೆ, ಸಣ್ಣ ಸ್ಕ್ರೂ ಡ್ರೈವರೂ ಕೊಟ್ಟಿದಾರೆ. ಆದ್ರೆ ಒಬ್ಬಳೇ..."

"ಒಬ್ಬಳೇ ಯಾಕೆ? ನೀನು ಡಾಕ್ಟ್ರು. ನಾನು ಇದೀನಲ್ಲ ಕೈಗೆ ಎತ್ತಿಕೊಡೋಕೆ."

ಹೇಳಿದ ಮೇಲೆ ಸಿಸ್ಟರಿಗೆ ಅಳುಕು. ಬೇಡ ಎಂದರೆ? ನೀವು ಕೂತ್ಕೊಳ್ಳಿ ಅತ್ತೆ ಎಂದರೆ? ಸೊಸೆ ಗಡಿಯಾರ ನೋಡಿದಳು, ಉಬ್ಬಿದ ಹೊಟ್ಟೆ ನೋಡಿದಳು, ತಲೆಯಾಡಿಸಿದಳು.

ಹತ್ತು ನಿಮಿಷದಲ್ಲಿ ಊಟದ ಮೇಜು ಗುರುತು ಸಿಗದಂತಾಯಿತು. ಮೇಲೆ ಬಿಳಿ ಹಾಸಿಗೆ ಬಟ್ಟೆ, ಎರಡು ಕಡೆ ದೀಪ, ಫ್ಯಾನ್ ಬಂದ್. ಸಿಸ್ಟರ್ ಮೊಣಕೈವರೆಗೆ ಕೈ ತೊಳೆದರು, ಸೊಸೆಗೂ ತೊಳೆಸಿದರು. ಯಂತ್ರಕ್ಕೂ ಒಂದು ಸಲ ಸ್ಪಿರಿಟ್ ಹಚ್ಚಿ ಒರೆಸುವ ಆಸೆಯಿತ್ತು, "ಅದೊಂದು ಬೇಡ ಅತ್ತೆ, ಒದ್ದೆ ಆಗಬಾರದು" ಎಂದು ಸೊಸೆ ಕೈ ಹಿಡಿದಳು. ಸಿಸ್ಟರ್ ಕನ್ನಡಕ ಮೂಗಿನ ಮೇಲೆ ಏರಿಸಿಕೊಂಡು ಸೂಚನೆಯ ಕಾಗದ ಓದತೊಡಗಿದರು. ನಿನ್ನೆಯಿಂದ ಆ ಕನ್ನಡಕಕ್ಕೆ ಏನಾಗಿತ್ತೋ, ಏರಿಸಿದಷ್ಟೂ ಜಾರುತ್ತಿತ್ತು.

"ಒಂದು, ಚಾರ್ಜರ್ ಕಿತ್ತಿಡಿ."

"ಕಿತ್ತಿದೆ."

"ಎರಡು, ಪೂರ್ತಿ ಆಫ್ ಆಗಿದೆಯಾ ನೋಡಿ."

"ಆಗಿದೆ."

"ಮೂರು, ಮೈಯಲ್ಲಿರೋ ಕರೆಂಟು ಹೋಗೋಕೆ ಕಬ್ಬಿಣದ ವಸ್ತು ಮುಟ್ಟಿ. ಉಣ್ಣೆ ಬಟ್ಟೆ ಹಾಕಬೇಡಿ. ಆ ಸ್ವೆಟರ್ ಬಿಚ್ಚು, ಹೋಗಿ ಅಡಿಗೆಮನೆಯ ನೀರಿನ ನಲ್ಲಿ ಮುಟ್ಟಿ ಬಾ. ಪ್ಲಾಸ್ಟಿಕ್ಕಿಂದಲ್ಲ, ಆ ಕಡೆಯ ಕಬ್ಬಿಣದ್ದು."

ಸೊಸೆ ಚಕಾರವೆತ್ತದೆ ಹೋಗಿ ಮುಟ್ಟಿ ಬಂದಳು. ಅವಳ ತುಟಿಯ ಮೂಲೆಯಲ್ಲಿ ನಗು ಇಣುಕಿದ್ದನ್ನು ಸಿಸ್ಟರ್ ನೋಡಿದರು. ಹತ್ತು ತಿಂಗಳಲ್ಲಿ ಮೊದಲ ಸಲ, ಇದು ಮರ್ಯಾದೆಯ ನಗುವಲ್ಲ, ನಿಜವಾದ ನಗು.

ಲ್ಯಾಪ್‌ಟಾಪನ್ನು ಬೋರಲು ಮಲಗಿಸಿದರು. ಸಿಸ್ಟರ್ ಒಂದು ಕಾಗದದ ಮೇಲೆ ಅದರ ಬೆನ್ನಿನ ಚಿತ್ರ ಬರೆದು, ಗಾಯಕ್ಕೆ ಹಾಕುವ ಅಂಟುಪಟ್ಟಿಯನ್ನು ಅಂಟಿನ ಮಗ್ಗುಲು ಮೇಲಾಗುವಂತೆ ಹಚ್ಚಿಟ್ಟರು. ಬಿಚ್ಚಿದ ಸ್ಕ್ರೂ ಯಾವ ಮೂಲೆಯದೋ ಆ ಮೂಲೆಗೇ ಅಂಟಬೇಕು. ಯಾಕೆಂದರೆ ಹಿಂದಿನ ಆರು ಉದ್ದ, ಮುಂದಿನ ನಾಲ್ಕು ಗಿಡ್ಡ. ಗಿಡ್ಡದರ ಜಾಗಕ್ಕೆ ಉದ್ದದ್ದು ಹಾಕಿದರೆ ಒಳಗೆ ಏನನ್ನಾದರೂ ತೂತು ಮಾಡೀತು ಎಂದು ಕಾಗದ ಹೇಳುತ್ತಿತ್ತು.

"ಸ್ಕ್ರೂ ಡ್ರೈವರ್" ಎಂದು ಸೊಸೆ ಕೈ ಚಾಚಿದಳು. ಸಿಸ್ಟರ್ ಥಿಯೇಟರಿನ ರೂಢಿಯಂತೆ ಅವಳ ಅಂಗೈಗೆ ಫಟ್ಟೆಂದು ಬಡಿದು ಕೊಟ್ಟರು.

"ಅಮ್ಮಾ!"

"ಹಾಗೇ ಕೊಡೋದು. ಡಾಕ್ಟ್ರು ತಿರುಗಿ ನೋಡಬಾರದು, ಕೈಗೆ ಬಂದಿದ್ದು ಗೊತ್ತಾಗಬೇಕು" ಎಂದ ಸಿಸ್ಟರಿಗೆ, ಅವಳು ಅತ್ತೆ ಎನ್ನದೆ ಅಮ್ಮಾ ಎಂದದ್ದು ನೋವಿಗೋ ಪ್ರೀತಿಗೋ ಎಂದು ಆಮೇಲೆ ಸ್ವಲ್ಪ ಹೊತ್ತು ಯೋಚನೆಯಾಯಿತು. ನೋವಿಗೇ ಇರಬೇಕು.

ಕಪ್ಪು ಸ್ಕ್ರೂ ಹತ್ತು ಹೊರಬಂದವು. ಮುಚ್ಚಳ ಎತ್ತಿದರೆ ಒಳಗೆ ಕಪ್ಪು ಬ್ಯಾಟರಿ ದಿಂಬಿನಂತೆ ಉಬ್ಬಿ ಕೂತಿತ್ತು. ಯಜಮಾನರು ಬಾಗಿಲಲ್ಲಿ ಇಣುಕಿದರು. "ಸಿಸ್ಟರ್, ಹೇಗಿದೆ?"

"ರೋಗಿ ಕಡೆಯವರು ಹೊರಗಿರಿ" ಎಂದರು ಸಿಸ್ಟರ್ ತಿರುಗದೆ.

ಮೊದಲು ಬ್ಯಾಟರಿಯ ವೈರಿನ ಕೊಂಡಿ ಬಿಡಿಸಿದರು, ಬೇರೆ ಯಾವುದನ್ನೂ ಮುಟ್ಟುವ ಮುಂಚೆ. ಆಮೇಲೆ ಬ್ಯಾಟರಿ ಹಿಡಿದಿದ್ದ ನಾಲ್ಕು ಬಿಳಿ ಸ್ಕ್ರೂ, ಎಳ್ಳಿನಷ್ಟು ಚಿಕ್ಕವು. ಒಟ್ಟು ಹದಿನಾಲ್ಕು ಎಂದು ಸಿಸ್ಟರ್ ಕಾಗದದಲ್ಲಿ ಬರೆದರು. ಆದರೆ ಊದಿದ ಬ್ಯಾಟರಿ ತನ್ನ ಗೂಡಿನಲ್ಲಿ ಬಿಗಿಯಾಗಿ ಸಿಕ್ಕಿಕೊಂಡು ಜಪ್ಪಯ್ಯ ಎಂದರೂ ಏಳಲಿಲ್ಲ. ಸೊಸೆಗೆ ಅವಸರ, ಪಕ್ಕದಲ್ಲಿದ್ದ ಹಣ್ಣು ಕತ್ತರಿಸುವ ಚಾಕುವಿಗೆ ಕೈ ಹಾಕಿದಳು. ಸಿಸ್ಟರ್ ಆ ಕೈಯ ಮೇಲೆ ಕೈಯಿಟ್ಟರು.

"ಚುಚ್ಚಿದ್ರೆ ಹೊತ್ಕೊಳ್ಳುತ್ತೆ ಅಂತ ಬರೆದಿದೆ. ಲೋಹ ಬೇಡ, ಬಾಗಿಸೋದೂ ಬೇಡ. ತಾಳು." ಹಳೆಯ ಆಸ್ಪತ್ರೆ ಚೀಲದಿಂದ ನಾಲಿಗೆ ಒತ್ತಿ ಗಂಟಲು ನೋಡುವ ಮರದ ಪಟ್ಟಿಗಳನ್ನು ತಂದರು. ಎರಡು ಕಡೆಯಿಂದ ಎರಡು ಪಟ್ಟಿ ತೂರಿಸಿ, ನಿಧಾನಕ್ಕೆ ಮೀಟಿದರು. ಬ್ಯಾಟರಿ ಮೆಲ್ಲಗೆ ಎದ್ದು ಬಂತು.

"ಇದನ್ನ ಎಲ್ಲಿಡೋದು?" ಎಂದಳು ಸೊಸೆ, ಹಸುಗೂಸಿನ ಹಾಗೆ ಎರಡು ಕೈಯಲ್ಲಿ ಹಿಡಿದು.

ಬಾಗಿಲಲ್ಲಿ ಯಜಮಾನರು ಕೆಂಪು ಬಕೆಟ್ ಹಿಡಿದು ನಿಂತಿದ್ದರು. ಅವರ ಮುಖದ ಮೇಲಿನ ಕಳೆಯನ್ನು ವರ್ಣಿಸಲು ನನ್ನಿಂದಾಗದು. ಎರಡು ವರ್ಷ ಬೈಸಿಕೊಂಡ ಬಕೆಟ್ಟಿಗೆ ಕೊನೆಗೂ ಒಂದು ಕೆಲಸ ಸಿಕ್ಕಿತ್ತು. ಬ್ಯಾಟರಿಯನ್ನು ಮರಳಿನಲ್ಲಿ ಮಲಗಿಸಿಕೊಂಡು, ಅಡಿಗೆಮನೆಯ ಮೂಲಕ ಹಾದು, ಬಾಲ್ಕನಿಯ ಮೂಲೆಗೆ ಒಯ್ದು, ಮೇಲೆ ಮರಳು ಮುಚ್ಚಿ ನೀಟಾಗಿ ಸವರಿ ಬಂದರು.

ಹೊಸ ಬ್ಯಾಟರಿ ಸಲೀಸಾಗಿ ಕೂತಿತು. ಬಿಳಿ ಸ್ಕ್ರೂ ನಾಲ್ಕೂ ಬಿಗಿಯಾದವು, ಕೊಂಡಿ ಕಟಕ್ಕೆಂದಿತು. ಸಮಯ ನಾಲ್ಕು ಗಂಟೆ. ಸೊಸೆ ಮುಚ್ಚಳ ಎತ್ತಿಕೊಂಡಳು.

"ತಾಳು" ಎಂದು ಸಿಸ್ಟರ್ ಎಣಿಸಿದರು. ಹದಿನಾಲ್ಕರಲ್ಲಿ ನಾಲ್ಕು ಒಳಗೆ, ಉಳಿಯಬೇಕಾದದ್ದು ಹತ್ತು. ಮೇಜಿನ ಮೇಲೆ ಹನ್ನೊಂದಿದ್ದವು. ಮತ್ತೆ ಎಣಿಸಿದರು, ಹನ್ನೊಂದು. ಅಂಟುಪಟ್ಟಿಯ ಮೇಲೆ ಕಪ್ಪು ಹತ್ತು, ಬಿಳಿ ಬಟ್ಟೆಯ ಮಡಿಕೆಯಲ್ಲಿ ಒಂದು ಬಿಳಿ, ಉಳಿದವಕ್ಕಿಂತ ಸಣಕಲು.

"ಮುಚ್ಚಬೇಡ. ಒಂದು ಹೆಚ್ಚಿದೆ."

"ಹೆಚ್ಚಿದ್ರೆ ಇರಲಿ ಬಿಡಿ ಅತ್ತೆ, ಕಡಿಮೆ ಆಗಿಲ್ವಲ್ಲ!"

"ಹೆಚ್ಚಾದ್ರೂ ತಪ್ಪೇ. ಒಳಗಿಂದ ಬಿದ್ದಿದ್ರೆ ಅಲ್ಲಿ ಏನೋ ಸಡಿಲ ಆಗಿದೆ ಅಂತ ಅರ್ಥ. ಇಂಥದ್ದೇ ಇನ್ನೊಂದು ಒಳಗೆ ಬಿದ್ದಿದ್ರೆ, ಕರೆಂಟು ಕೊಟ್ಟ ಕೂಡ್ಲೇ ಸುಟ್ಟುಹೋಗುತ್ತೆ ನಿನ್ನ ಇಪ್ಪತ್ನಾಲ್ಕು ಚಿತ್ರ."

ಟಾರ್ಚ್ ಹಿಡಿದು ಹುಡುಕಿದರು. ಗಾಳಿ ಬೀಸುವ ಪುಟ್ಟ ಫ್ಯಾನಿನ ಸುತ್ತ ನೋಡಿದರು, ತೆರೆಯ ಕೀಲು ನೋಡಿದರು, ಮೂಲೆಮೂಲೆ ತಡಕಿದರು. ಎಲ್ಲ ತೂತಿನಲ್ಲೂ ಸ್ಕ್ರೂ ಇತ್ತು. ಹೊಸ ಬ್ಯಾಟರಿಯ ಡಬ್ಬದಲ್ಲಿ ಸ್ಕ್ರೂ ಬಂದಿರಲೇ ಇಲ್ಲ. ನಾಲ್ಕೂ ಕಾಲಾಯಿತು. ಕನ್ನಡಕ ಜಾರುತ್ತಿತ್ತು, ಸಿಸ್ಟರ್ ಏರಿಸುತ್ತಿದ್ದರು.

"ಸಾಕು ಅತ್ತೆ, ಮುಚ್ತೀನಿ."

"ಲೆಕ್ಕ ಕೂಡೋ ತನಕ ಮುಚ್ಚೋ ಹಾಗಿಲ್ಲ."

ಸೊಸೆಯ ತಾಳ್ಮೆಯ ಕಟ್ಟೆ ಅಲ್ಲಿ ಒಡೆಯಿತು. ಮುಚ್ಚಳವನ್ನು ಮೇಜಿನ ಮೇಲೆ ಕುಕ್ಕಿದಳು. "ನಿಮಗೆ ಎಲ್ಲಾನೂ ಎಣಿಸಲೇಬೇಕು ಅಲ್ವಾ? ನಾನು ಈ ಮನೆಗೆ ಬಂದ ದಿನದಿಂದ ನೋಡ್ತಿದೀನಿ. ದಿನಾ ನಾನು ಪಾತ್ರೆ ತೊಳೆದಿಟ್ಟ ಮೇಲೆ ಬಂದು ಚಮಚ ಎಣಿಸ್ತೀರಿ. ಬಾಯಿ ಬಿಟ್ಟು ಒಂದು ಮಾತು ಅನ್ನಲ್ಲ, ಸುಮ್ನೆ ಎಣಿಸ್ತೀರಿ. ನಾನೇನು ನಿಮ್ಮ ಚಮಚ ಕದ್ದು ತವರಿಗೆ ಸಾಗಿಸ್ತೀನಾ?"

ಬೆಳಿಗ್ಗೆಯಿಂದ ಹುಡುಕುತ್ತಿದ್ದ ತಪ್ಪು ಹೀಗೆ ಎದುರಿಗೆ ಬಂದು ನಿಲ್ಲುತ್ತದೆಂದು ಸಿಸ್ಟರ್ ಅಂದುಕೊಂಡಿರಲಿಲ್ಲ.

"ಅಯ್ಯೋ ಮಗಳೇ" ಎಂದರು. "ನೀನು ಬರೋ ಮುಂಚೇನೂ ಎಣಿಸ್ತಿದ್ದೆ. ಮಾವನ್ನ ಕೇಳು. ನನ್ನ ತವರಿಗೆ ಹೋದ್ರೂ ಎಣಿಸ್ತೀನಿ. ಮದುವೆ ಮನೇಲಿ ಊಟಕ್ಕೆ ಕೂತ್ರೆ ಎದುರು ಸಾಲಿನ ಲೋಟ ಎಣಿಸ್ತೀನಿ. ಅದು ನಿನ್ನ ಮೇಲಿನ ಅನುಮಾನ ಅಲ್ಲ, ನನ್ನ ರೋಗ."

ಬಾಗಿಲ ಹೊರಗಿನಿಂದ "ನಿಜ, ನಿಜ" ಎಂದು ದನಿ ಬಂತು.

"ಒಂದು ಸಲ," ಎಂದರು ಸಿಸ್ಟರ್, "ಬಟ್ಟೆ ತುಂಡು ಒಂದು ಕಡಿಮೆ ಬಂತು. ದೊಡ್ಡ ಡಾಕ್ಟ್ರು, ಕೂಗಿದ್ರೆ ಗೋಡೆ ನಡುಗೋದು. ಮುಚ್ತೀನಿ ಅಂದ್ರು. ನಾನು ಸೂಜಿ ಕೊಡಲ್ಲ ಅಂದೆ. ಬೈದ್ರು, ಕೆಲಸದಿಂದ ತೆಗೆಸ್ತೀನಿ ಅಂದ್ರು. ಕಾಲು ಗಂಟೆ ಹುಡುಕಿದ್ವಿ. ಎಲ್ಲಿತ್ತು ಗೊತ್ತಾ? ಅವರ ಚಪ್ಪಲಿ ಅಡಿಗೆ ಅಂಟಿತ್ತು. ಎಲ್ಲರೂ ನಕ್ಕರು. ನಂಗೆ ನಗು ಬರಲಿಲ್ಲ. ಮೇಜಿನ ಮೇಲೆ ಮಲಗಿದ್ದೋಳು ನಿನ್ನ ವಯಸ್ಸಿನ ಹುಡುಗಿ. ಅವಳ ಹೊಟ್ಟೇಲಿ ಇದ್ದಿದ್ರೆ ಅಂತ ಅವತ್ತು ಮನೆಗೆ ಬಂದು ಗೋಳೋ ಅಂತ ಅತ್ತುಬಿಟ್ಟೆ. ಅವತ್ತಿಂದ ಈ ಕಣ್ಣು ಎಣಿಸೋದು ನಿಲ್ಲಿಸಿಲ್ಲ ನೋಡು."

ಹೇಳುತ್ತ ಹೇಳುತ್ತ ಕಣ್ಣು ತುಂಬಿತು. ಒರೆಸಿಕೊಳ್ಳಲೆಂದು ಸಿಸ್ಟರ್ ಕನ್ನಡಕ ತೆಗೆದರು. ಕನ್ನಡಕ ಕೈಗೆ ಬಂತು. ಅದರ ಬಲಗಾಲು ಬರಲಿಲ್ಲ, ಕಿವಿಯ ಮೇಲೆಯೇ ಉಳಿಯಿತು.

ಸೊಸೆ ಆ ಕಿವಿಯನ್ನು ನೋಡಿದಳು. ಕೈಯಲ್ಲಿದ್ದ ಒಂಟಿಕಾಲಿನ ಕನ್ನಡಕ ನೋಡಿದಳು. ಬಟ್ಟೆಯ ಮೇಲಿನ ಸಣಕಲು ಸ್ಕ್ರೂ ನೋಡಿದಳು.

"ಅತ್ತೆ" ಎಂದಳು, ನಗು ತಡೆಹಿಡಿಯುತ್ತ. "ಹೆಚ್ಚಿರೋದು ನಿಮ್ಮದೇ."

ಆಮೇಲೆ ಇಬ್ಬರಿಗೂ ಹಿಡಿದ ನಗು ನಿಲ್ಲಲೇ ಇಲ್ಲ. ಸೊಸೆ ಮೇಜಿಗೆ ಹಣೆ ಆನಿಸಿ ನಕ್ಕಳು, ಸಿಸ್ಟರ್ ಕಿವಿಯ ಮೇಲಿನ ಕಡ್ಡಿಯ ಸಮೇತ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಜಮಾನರು ಗಾಬರಿಯಾಗಿ ಒಳಗೆ ಬಂದು, ಕಾರಣ ತಿಳಿಯದೆ, ತಮ್ಮ ಪಾಲಿನದನ್ನೂ ನಕ್ಕರು.

"ನಾಲ್ಕೂವರೆ!" ಎಂದಳು ಸೊಸೆ, ಕಣ್ಣೊರೆಸಿಕೊಂಡು. "ಸಿಸ್ಟರ್, ಲೆಕ್ಕ ಸರಿ ಇದೆಯಾ?"

"ಹತ್ತು ಇದರದ್ದು, ಒಂದು ನಂದು. ಸರಿ ಇದೆ ಡಾಕ್ಟ್ರೇ, ಮುಚ್ಚಬಹುದು."

ಉದ್ದದವು ಹಿಂದೆ, ಗಿಡ್ಡದವು ಮುಂದೆ, ಹತ್ತೂ ತಮ್ಮತಮ್ಮ ಮನೆ ಸೇರಿದವು. ಗುಂಡಿ ಒತ್ತಿದಾಗ ಮೂವರೂ ಮೇಜಿನ ಮೇಲೆ ಬಾಗಿದರು. ತೆರೆ ಒಂದು ಸಲ ಕಣ್ಣು ಮಿಟುಕಿಸಿ ಬೆಳಗಿತು, ಆನೆಮರಿ ಹಳದಿ ಕೊಡೆ ಹಿಡಿದು ಎದುರಿಗೆ ನಿಂತಿತು. ಐದಕ್ಕೆ ಎಂಟು ನಿಮಿಷವಿರುವಾಗ ಇಪ್ಪತ್ನಾಲ್ಕು ಚಿತ್ರಗಳೂ ಹೋಗಿ ಸೇರಿದವು. ಸೊಸೆ ಅದೇ ಸ್ಕ್ರೂ ಡ್ರೈವರಿನಿಂದ ಅತ್ತೆಯ ಕನ್ನಡಕದ ಕಾಲನ್ನೂ ಜೋಡಿಸಿಕೊಟ್ಟಳು.

ಸಂಜೆ ಮಗ ಬಂದ. ಊಟ ಮುಗಿದ ಮೇಲೆ ಹೆಂಡತಿಯ ಹಿಂದೆ ಅಡಿಗೆಮನೆಗೆ ಹೋಗಿ, "ಭಾನುವಾರ ಎಷ್ಟು ಗಂಟೆಗೆ ಹೊರಡೋಣ?" ಎಂದು ಪಿಸುಗುಟ್ಟಿದ. ಅವನ ಪಿಸುಮಾತು ಪಕ್ಕದ ಮನೆಗೂ ಕೇಳುವಂಥದ್ದು.

"ಭಾನುವಾರ ಹಳೆ ಬ್ಯಾಟರಿನ ವಾಪಸ್ ತಗೊಳ್ಳೋ ಕಡೆ ಕೊಟ್ಟು ಬರಬೇಕು, ಕಸಕ್ಕೆ ಹಾಕೋ ಹಾಗಿಲ್ಲ. ನಾನೂ ಅತ್ತೆನೂ ಹೋಗ್ತೀವಿ" ಎಂದಳು ಅವಳು.

"ಮತ್ತೆ ಆ ಮನೆ?"

"ಯಾವ ಮನೆ?"

ಮಗ ತಲೆ ಕೆರೆದುಕೊಂಡು ಹೊರಗೆ ಹೋದ. ಊಟದ ಮೇಜಿನ ಹತ್ತಿರ ಕೂತಿದ್ದ ಸಿಸ್ಟರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆದರೆ ಅವರು ಆ ಹೊತ್ತು ದೊಡ್ಡ ತಪಸ್ಸಿನಲ್ಲಿದ್ದರು. ಇನ್ನು ಮೇಲೆ ಚಮಚ ಎಣಿಸುವುದಿಲ್ಲ ಎಂದು ಸಾಯಂಕಾಲವೇ ಪಣ ತೊಟ್ಟಿದ್ದರು. ಎರಡು ಕೈಯನ್ನೂ ಮಡಿಲಲ್ಲಿ ಬಿಗಿಹಿಡಿದು, ಗೋಡೆಯ ಮೇಲೆ ನೋಟ ನೆಟ್ಟು ಕೂತರು. ಅಡಿಗೆಮನೆಯಲ್ಲಿ ಚಮಚಗಳು ಡಬ್ಬಿಗೆ ಬೀಳುವ ಸದ್ದು ಒಂದೊಂದೂ ಕಿವಿಗೆ ಬಡಿಯುತ್ತಿತ್ತು. ಇಷ್ಟು ಕಷ್ಟ ಅವರಿಗೆ ಆ ದೊಡ್ಡ ಡಾಕ್ಟರ ಎದುರೂ ಆಗಿರಲಿಲ್ಲ.

ಆಗ ಒಳಗಿನಿಂದ ದನಿ ಕೇಳಿತು, ಬೇಕೆಂದೇ ಗಟ್ಟಿಯಾಗಿ. "ಒಂದು, ಎರಡು, ಮೂರು..." ಹನ್ನೊಂದಕ್ಕೆ ಬಂದು ನಿಂತಿತು. ಸೊಸೆ ಡಬ್ಬಿ ಹಿಡಿದು ಬಾಗಿಲಿಗೆ ಬಂದಳು.

"ಅತ್ತೆ, ಹನ್ನೊಂದೇ ಇದೆ."

"ಇರಲಿ ಬಿಡು" ಎಂದರು ಸಿಸ್ಟರ್. ಜೀವನದಲ್ಲಿ ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು.

"ಇರಲಿ ಬಿಡು ಅಂದ್ರೆ? ಲೆಕ್ಕ ಕೂಡೋ ತನಕ ಡಬ್ಬಿ ಮುಚ್ಚೋ ಹಾಗಿಲ್ಲ" ಎಂದು ಸೊಸೆ ಬಾಗಿಲಿಗೆ ಅಡ್ಡ ನಿಂತಳು. "ಯಾರೂ ಮಲಗೋ ಹಾಗಿಲ್ಲ."

ಯಜಮಾನರು ಕೆಮ್ಮಿದರು. ಎದ್ದು, ಯಾರ ಮುಖವನ್ನೂ ನೋಡದೆ ಬಾಲ್ಕನಿಗೆ ಹೋದರು. ಬಂದಾಗ ಕೈಯಲ್ಲಿ ಒಂದು ಚಮಚವಿತ್ತು, ಮರಳು ಮೆತ್ತಿತ್ತು.

"ಮರಳು ಸವರೋಕೆ ತಗೊಂಡಿದ್ದೆ, ಬಕೆಟ್‌ನಲ್ಲೇ ಉಳೀತು" ಎಂದರು.

"ಬ್ಯಾಟರಿ ಹತ್ತಿರ ಸ್ಟೀಲ್ ಚಮಚ ಹಾಕಿದ್ರಾ!" ಎಂದು ಅತ್ತೆ ಸೊಸೆ ಒಟ್ಟಿಗೆ ಕೂಗಿದರು. ಹತ್ತು ತಿಂಗಳಲ್ಲಿ ಇಬ್ಬರೂ ಸೇರಿ ಒಬ್ಬರನ್ನು ಬೈದದ್ದು ಅದೇ ಮೊದಲು, ಅದರ ಸುಖವೇ ಬೇರೆ.

ಸೊಸೆ ಚಮಚ ತೊಳೆದು, ಒರೆಸಿ, ಡಬ್ಬಿಗೆ ಹಾಕಿ, ಡಬ್ಬಿಯನ್ನು ಅತ್ತೆಯ ಮುಂದೆ ಹಿಡಿದಳು.

"ಲೆಕ್ಕ ಸರಿ ಇದೆಯಾ ಸಿಸ್ಟರ್?"

ಸಿಸ್ಟರ್ ಕನ್ನಡಕ ಏರಿಸಿಕೊಂಡು, ತುಟಿ ಅಲ್ಲಾಡಿಸುತ್ತ, ಮನಸಾರೆ ಎಣಿಸಿದರು.

"ಹನ್ನೆರಡು. ಸರಿ ಇದೆ ಡಾಕ್ಟ್ರೇ," ಎಂದರು, "ಮುಚ್ಚಬಹುದು."